ಹೇಮಶ್ರೀ ಮೇಡಂ ರಿಲ್ಯಾಕ್ಸ್ ಆದದ್ದು

ರಿಲ್ಯಾಕ್ಸ್ ಅನ್ನುವ ಪದ ಕಿವಿಗೆ ಬಿದ್ದರೆ ಸಾಕು, ಹೇಮಶ್ರೀ ಮೇಡಂ ಮೂಗಿನ ಹೊಳ್ಳೆ ಅರಳುತ್ತಿತ್ತು. ಸೋಮಾರಿತನ ಅಂತ ಬಾಯಿಬಿಟ್ಟು ಹೇಳೋಕೆ ನಾಚಿಕೆಯಾದವರು ಅದಕ್ಕೆ ಇಂಗ್ಲಿಷಿನಲ್ಲಿ ಇಟ್ಟುಕೊಂಡ ಮುದ್ದಿನ ಹೆಸರು ಅದು ಎಂಬುದು ಅವರ ಖಚಿತ ಅಭಿಪ್ರಾಯ. ತುಮಕೂರಿನ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದ ಅವರಿಗೆ ಒತ್ತಡ ಎಂದರೇನು ಎಂಬ ಬಗ್ಗೆ ಯಾವ ಗೊಂದಲವೂ ಇರಲಿಲ್ಲ. "ಏಕಮಾನ ವಿಸ್ತೀರ್ಣದ ಮೇಲೆ ಲಂಬವಾಗಿ ವರ್ತಿಸುವ ಬಲವೇ ಒತ್ತಡ. ಇದರಲ್ಲಿ ಮನಸ್ಸು ಎಲ್ಲಿ ಬಂತು? ನಿಮ್ಮ ಮನಸ್ಸಿನ ವಿಸ್ತೀರ್ಣ ಎಷ್ಟು ಚದರ ಮೀಟರು, ಹೇಳಿ ನೋಡೋಣ?" ಅಂತ ಸ್ಟಾಫ್ ರೂಮಿನಲ್ಲಿ ಕೇಳಿದರೆ ಉತ್ತರ ಕೊಡುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಗ್ರಹಚಾರ ನೋಡಿ, ಇಂಥವರ ಮನೆಯಲ್ಲೇ ಮೂರು ಜನ ರಿಲ್ಯಾಕ್ಸ್ ಪ್ರವೀಣರಿದ್ದರು.

ಮೊದಲನೆಯವರು ಪತಿದೇವರು. ನಾಗಭೂಷಣ್ ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಸಾಯಂಕಾಲ ಬಂದು ಕೈಕಾಲು ತೊಳೆದು ಬಾಲ್ಕನಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು.

"ನಿದ್ದೆನಾ?"

"ಅಲ್ಲ."

"ಏನಾದ್ರೂ ಯೋಚನೆ ಮಾಡ್ತಿದೀರಾ?"

"ಇಲ್ಲ ಹೇಮಾ."

"ನಿದ್ದೆನೂ ಅಲ್ಲ, ಯೋಚನೆನೂ ಅಲ್ಲ. ಮತ್ತೆ ಕಣ್ಣು ಯಾಕ್ರೀ ಮುಚ್ಕೊಂಡಿದೀರಾ? ಬಚ್ಚಲುಮನೆ ಬಲ್ಬ್ ಹೋಗಿ ಮೂರು ದಿನ ಆಯ್ತು, ಅದು ಕಾಣಬಾರದು ಅಂತಾನಾ?"

ಎರಡನೆಯವರು ಅತ್ತೆ ದೊಡ್ಡಗಂಗಮ್ಮ. ಗುಬ್ಬಿ ಪಕ್ಕದ ಹಳ್ಳಿಯವರು. ತೆಂಗಿನ ತೋಟ ಹಿರೀಮಗನಿಗೆ ಒಪ್ಪಿಸಿ ಈ ಮಗನ ಮನೆಗೆ ಬಂದಮೇಲೆ ಅವರಿಗೆ ಬತ್ತಿ ಹೊಸೆಯುವುದೇ ನೆಮ್ಮದಿ. ಊಟ ಆದಮೇಲೆ ಹತ್ತಿ ಹರವಿಕೊಂಡು ಕೂತರೆ ಲೋಕವೇ ಬೇಡ. "ಅತ್ತೆ, ಗುಬ್ಬಿ ತಾಲ್ಲೂಕಿನ ದೇವರಿಗೆಲ್ಲ ಹತ್ತು ವರ್ಷಕ್ಕಾಗೋವಷ್ಟು ಬತ್ತಿ ಆಗಿದೆ, ಎಣ್ಣೆ ಯಾರು ಕೊಡ್ತಾರೆ?" ಅಂತ ಸೊಸೆ ಕೇಳಿದರೆ ಅವರು ಕಿವಿ ಕೇಳಿಸದವರ ಹಾಗೆ ಮುಗುಳ್ನಗುತ್ತಿದ್ದರು. (ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಅಡುಗೆಮನೆಯಲ್ಲಿ ಕೋಡುಬಳೆ ಡಬ್ಬಿ ತೆರೆದ ಸದ್ದು ಹಾಲಿನಲ್ಲಿದ್ದವರಿಗೆ ಕೇಳುವಷ್ಟು.)

ಮೂರನೆಯವಳು ಮಗಳು ಅಮೂಲ್ಯಾ, ಡಿಗ್ರಿ ಕೊನೇ ವರ್ಷ. ಅವಳು ಕಿವಿಗೆ ಹೆಡ್‌ಫೋನ್ ಸಿಗಿಸಿಕೊಂಡು ಮೊಬೈಲಿನಲ್ಲಿ ಮಳೆಯ ಸದ್ದು ಕೇಳುತ್ತಿದ್ದಳು. ಅದಕ್ಕೆ ತಿಂಗಳಿಗಿಷ್ಟು ಅಂತ ದುಡ್ಡು ಬೇರೆ. "ನಿಜವಾದ ಮಳೆ ಬಂದಾಗ ಕಿಟಕಿ ಹಾಕ್ಕೋತಾಳೆ, ದುಡ್ಡು ಕೊಟ್ಟು ಸುಳ್ಳು ಮಳೆ ಕೇಳ್ತಾಳೆ. ಇವಳನ್ನ ಓದಿಸಿದ್ದಕ್ಕೆ ನನಗೆ ಯಾವುದಾದ್ರೂ ಪ್ರಶಸ್ತಿ ಬರಬೇಕು" ಅಂತ ಮೇಡಂ ಕುಟುಕುತ್ತಿದ್ದರು.

ಹೀಗೆ ಮೂವರ ಆರಾಮಿನ ಮೇಲೂ ಕಣ್ಣಿಟ್ಟು, ಬಾಯಿಟ್ಟು ಮೇಡಂ ಸಂಸಾರ ತೂಗಿಸುತ್ತಿರುವಾಗ ಶಾಲೆಯಲ್ಲಿ ಒಂದು ಶನಿವಾರ ಶಿಕ್ಷಕರಿಗೆ ಉಚಿತ ಆರೋಗ್ಯ ತಪಾಸಣೆ ಇಟ್ಟರು. ಬಂದ ಡಾಕ್ಟರು ಬೇರೆ ಯಾರೂ ಅಲ್ಲ, ಸಿದ್ಧಾರ್ಥ್. ಹದಿನೆಂಟು ವರ್ಷದ ಹಿಂದೆ ಇದೇ ಶಾಲೆಯ ಮೂರನೇ ಬೆಂಚಿನಲ್ಲಿ ಕೂತು ಮೇಡಂ ಕೈಲಿ ಕಿವಿ ಹಿಂಡಿಸಿಕೊಂಡವನು. ಈಗ ಕತ್ತಿಗೆ ಸ್ಟೆತಾಸ್ಕೋಪು, ಊರಿನಲ್ಲಿ ಸ್ವಂತ ಕ್ಲಿನಿಕ್ಕು. ಆದರೂ ಮೇಡಂ ಎದುರಿಗೆ ಬಂದು ನಿಂತ ತಕ್ಷಣ ಕುರ್ಚಿಯಿಂದ ಎದ್ದುಬಿಟ್ಟ.

"ಕೂತ್ಕೊಳೋ. ಒತ್ತಡ ಅಂದ್ರೆ ಏನು ಹೇಳು?"

"ಏಕಮಾನ ವಿಸ್ತೀರ್ಣದ ಮೇಲೆ ಲಂಬವಾಗಿ ವರ್ತಿಸುವ ಬಲ ಮೇಡಂ."

"ಹೂಂ, ಪರವಾಗಿಲ್ಲ. ಈಗ ಅಳೆ."

ಸಿದ್ಧಾರ್ಥ್ ಪಟ್ಟಿ ಕಟ್ಟಿದ, ಗಾಳಿ ತುಂಬಿದ, ಅವನ ಮುಖ ಬಿಳಿಚಿಕೊಂಡಿತು. ತನ್ನ ಕೈಯೇ ನಡುಗಿರಬೇಕು ಅಂತ ಇನ್ನೊಂದು ಸಲ ಅಳೆದ. ಆಮೇಲೆ ಎಡಗೈಗೆ ಕಟ್ಟಿದ. ಕೊನೆಗೆ, ತನಗಿಂತ ಧೈರ್ಯವಂತೆ ಇರಬಹುದು ಅಂತ ನರ್ಸ್ ಕೈಗೆ ಕೊಟ್ಟ.

"ಮೇಡಂ, ನೂರ ಎಪ್ಪತ್ತೆರಡು, ನೂರ ನಾಲ್ಕು."

"ಏನದು, ಬಸ್ ನಂಬರ್ರಾ?"

"ನಿಮ್ಮ ಬಿಪಿ ಮೇಡಂ. ಇಡೀ ಶಾಲೆಗೇ ಜಾಸ್ತಿ."

ಇಡೀ ಶಾಲೆಗೇ ಜಾಸ್ತಿ ಅಂದದ್ದು ಕೇಳಿ ಪಕ್ಕದಲ್ಲಿದ್ದ ಹೆಡ್‌ಮಾಸ್ಟರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಲು ಹೋಗಿ, ಕೈಗಳನ್ನು ಅರ್ಧಕ್ಕೇ ನಿಲ್ಲಿಸಿ, ಸೊಳ್ಳೆ ಹೊಡೆದವರಂತೆ ನಟಿಸಿದರು.

"ನಿನ್ನ ಮಿಷಿನ್ ಕೆಟ್ಟಿದೆ" ಅಂದರು ಮೇಡಂ.

"ಇದೇ ಮಿಷಿನ್ನಲ್ಲಿ ನಿಮ್ಮ ಕ್ಲರ್ಕ್‌ಗೆ ನೂರ ಹದಿನೆಂಟು ಬಂತು ಮೇಡಂ."

"ಅವನಿಗೆ ಬರುತ್ತೆ. ಕೆಲಸ ಮಾಡೋರಿಗೆ ತಾನೇ ಏರೋದು!"

ಸಿದ್ಧಾರ್ಥ್ ಮಾತ್ರೆ ಬರೆಯಲು ಪೆನ್ನು ತೆಗೆದ. "ಬರೆದು ನೋಡು" ಅಂದರು ಮೇಡಂ, ಎರಡೇ ಪದ. ಪೆನ್ನು ಜೇಬಿಗೆ ವಾಪಸ್ ಹೋಯಿತು. ಮಾತ್ರೆ ಅಂದರೆ ಅವರಿಗೆ ಸೋಲೊಪ್ಪಿಕೊಂಡ ಹಾಗೆ. ಮದುವೆಮನೆಯಲ್ಲಿ ಊಟಕ್ಕೆ ಮುಂಚೆ ಪರ್ಸಿನಿಂದ ಸಣ್ಣ ಡಬ್ಬಿ ತೆಗೆಯುವ ತಮ್ಮ ಓರಗೆಯ ಹೆಂಗಸರನ್ನು ಅವರು ನೋಡುತ್ತಿದ್ದ ರೀತಿಯನ್ನು ಸ್ವತಃ ಆ ಹೆಂಗಸರೇ ಮರೆತಿರಲಿಲ್ಲ. ಈಗ ಅವರೆದುರು ತಾವೂ ಡಬ್ಬಿ ತೆಗೆಯುವುದೇ? ಜೀವ ಹೋದರೂ ಸರಿ!

ಕೊನೆಗೆ ಗುರುಶಿಷ್ಯರ ಮಧ್ಯೆ ಒಪ್ಪಂದವಾಯಿತು. ಒಂದು ತಿಂಗಳು ಗಡುವು. ಉಪ್ಪು ಕಮ್ಮಿ, ಉಪ್ಪಿನಕಾಯಿ ಬಂದ್, ವಾರಕ್ಕೊಂದು ಸಲ ನರ್ಸ್ ಹತ್ತಿರ ಅಳೆಸಬೇಕು, ದಿನಕ್ಕೆ ಅರ್ಧ ಗಂಟೆ ಮನಸ್ಸು ಹಗುರ ಆಗುವಂಥದ್ದು ಏನಾದರೂ ಮಾಡಬೇಕು. ಇಳಿದರೆ ಸರಿ, ಇಳಿಯದಿದ್ದರೆ ಮಾತ್ರೆ.

"ಮನಸ್ಸು ಹಗುರ ಆಗೋದು ಅಂದ್ರೆ ಏನೋ?"

"ಅದು ಒಬ್ಬೊಬ್ಬರಿಗೆ ಒಂದೊಂದು ಮೇಡಂ. ನಿಮಗೆ ಯಾವುದು ಅಂತ ನೀವೇ ಕಂಡುಹಿಡೀಬೇಕು."

ಹೆಸರು ಸಿದ್ಧಾರ್ಥ ಅಂತಿಟ್ಟುಕೊಂಡು, ಮನೆ ಬಿಟ್ಟು ಅರಳೀಮರದ ಕೆಳಗೆ ಕೂತ್ಕೊಳ್ಳಿ ಅನ್ನಲಿಲ್ಲವಲ್ಲ, ಅದೇ ಪುಣ್ಯ ಅಂದುಕೊಂಡು ಮೇಡಂ ಮನೆಗೆ ಬಂದರು.

ಮಾರನೇ ದಿನ ಬೆಳಿಗ್ಗೆ ಆರಕ್ಕೇ ಅಮಾನಿಕೆರೆ ಪಾರ್ಕಿನ ನಗೆಕೂಟಕ್ಕೆ ಹಾಜರಾದರು. ಅಲ್ಲಿ ಇಪ್ಪತ್ತು ಜನ ವೃತ್ತಾಕಾರವಾಗಿ ನಿಂತು, ಕೈ ಮೇಲೆತ್ತಿ, "ಹೋ ಹೋ, ಹಾ ಹಾ" ಅಂತ ಊರಿಗೆ ಬೆಂಕಿ ಬಿದ್ದವರಂತೆ ಅರಚುತ್ತಿದ್ದರು.

"ಯಾಕೆ ನಗ್ತಿದೀರಾ?" ಮೇಡಂ ವಿಚಾರಿಸಿದರು.

"ಕಾರಣ ಬೇಡ ಮೇಡಂ. ಸುಮ್ನೆ ನಗಿ. ಒಳಗಿಂದ ಬರುತ್ತೆ" ಅಂದರು ಬಿಳೀ ಟ್ರ್ಯಾಕ್ ಸೂಟಿನ ತರಬೇತುದಾರರು.

"ಕಾರಣ ಇಲ್ದೆ ನಗೋರನ್ನ ನಮ್ಮ ಕ್ಲಾಸಲ್ಲಿ ಹೊರಗೆ ನಿಲ್ಲಿಸ್ತೀವಿ." ಅಷ್ಟರಲ್ಲಿ ಅವರ ಕಣ್ಣು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಒಬ್ಬರ ಮೇಲೆ ಬಿತ್ತು. "ಏನ್ರೀ, ನೀವು ನೈನ್ತ್ ಬಿ ಸೆಕ್ಷನ್ ಹುಡುಗನ ತಂದೆ ಅಲ್ವಾ? ಮಗ ವಿಜ್ಞಾನದಲ್ಲಿ ಹನ್ನೊಂದು ತಗೊಂಡಿದಾನೆ, ನೀವಿಲ್ಲಿ ನಗ್ತಾ ನಿಂತಿದೀರಾ?"

ಆ ಮಹಾನುಭಾವರ ನಗು ಗಂಟಲಲ್ಲೇ ಸಿಕ್ಕಿಕೊಂಡಿತು. ಉಳಿದವರಲ್ಲೂ ಯಾರ್ಯಾರ ಮಕ್ಕಳು ಎಷ್ಟೆಷ್ಟು ತೆಗೆದಿದ್ದರೋ, ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಜಾರಿದರು. ಹತ್ತೇ ನಿಮಿಷದಲ್ಲಿ ನಗೆಕೂಟ ಶ್ರದ್ಧಾಂಜಲಿ ಸಭೆಯಾಗಿತ್ತು. ಸಾಯಂಕಾಲ ತರಬೇತುದಾರರು ಫೋನ್ ಮಾಡಿ, ತಮ್ಮಲ್ಲಿ ಸದ್ಯಕ್ಕೆ ಜಾಗ ಭರ್ತಿಯಾಗಿದೆ ಅಂತ ಬಹಳ ವಿನಯದಿಂದ ತಿಳಿಸಿದರು. ಬಯಲಿನಲ್ಲಿ ನಡೆಯುವ ನಗೆಕೂಟಕ್ಕೆ ಜಾಗ ಭರ್ತಿ!

ಅಮ್ಮನ ಪಾಡು ನೋಡಲಾರದೆ ಅಮೂಲ್ಯಾ ತನ್ನ ಹೆಡ್‌ಫೋನ್ ಕೊಟ್ಟಳು. "ಅಮ್ಮ, ಮಲ್ಕೊಂಡು ಕಣ್ಣು ಮುಚ್ಚು. ಮಳೆ ಸದ್ದು ಕೇಳ್ತಾ ಇರು. ಬೇರೇನೂ ಯೋಚ್ನೆ ಮಾಡ್ಬೇಡ." ಮೇಡಂ ಮಲಗಿದರು, ಕಣ್ಣು ಮುಚ್ಚಿದರು. ಸಣ್ಣಗೆ ಹನಿ ಶುರುವಾಯಿತು, ಜೋರಾಯಿತು, ದೂರದಲ್ಲೆಲ್ಲೋ ಗುಡುಗಿತು. ಎರಡನೇ ಗುಡುಗಿಗೆ ಮೇಡಂ ದಡಬಡ ಎದ್ದು, ಹೆಡ್‌ಫೋನ್ ಸಮೇತ ಮೆಟ್ಟಿಲು ಹತ್ತಿ, ಟೆರೇಸಿನ ಮೇಲೆ ರಣಬಿಸಿಲಿನಲ್ಲಿ ಒಣಗುತ್ತಿದ್ದ ಬಟ್ಟೆಯನ್ನೆಲ್ಲ ಬಾಚಿಕೊಂಡು, ಅಕ್ಕಿ ಹಪ್ಪಳದ ಚಾಪೆಯನ್ನು ಸುತ್ತಿಕೊಂಡು ಕೆಳಗಿಳಿದರು. ಹಸಿ ಹಪ್ಪಳಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾದವು. "ನಿನ್ನ ಮಳೆಗೆ ನನ್ನ ಎರಡು ಸೇರು ಅಕ್ಕಿ ಹಾಳಾಯ್ತಲ್ಲೇ!" ಅಂತ ಅವರು ಕೂಗಿದ್ದು ನಾಲ್ಕು ಮನೆಗೆ ಕೇಳಿತು.

ಇನ್ನು ಉಳಿದದ್ದು ಬತ್ತಿ. ಅತ್ತೆಯ ಪಕ್ಕ ಚಾಪೆ ಹಾಕಿ ಕೂತ ಮೇಡಂ ಐದು ನಿಮಿಷ ಹೊಸೆದರು. ಆರನೇ ನಿಮಿಷಕ್ಕೆ ಜಾಮಿಟ್ರಿ ಬಾಕ್ಸಿನಿಂದ ಸ್ಕೇಲು ಬಂತು.

"ಅತ್ತೆ, ನಿಮ್ಮದು ಒಂದು ಉದ್ದ ಒಂದು ಗಿಡ್ಡ ಇದೆ ನೋಡಿ. ಇದು ಆರು ಸೆಂಟಿಮೀಟರು, ಇದು ಏಳೂವರೆ. ಒಂದಳತೆ ಬೇಡ್ವಾ?"

"ಉರಿಯೋ ಬತ್ತಿಗೆ ಅಳತೆ ಯಾಕವ್ವ? ದ್ಯಾವ್ರು ಏನ್ ಟೇಪ್ ಹಿಡ್ಕಂಡ್ ಕುಂತವ್ನಾ?"

"ಹೂಂ, ಹೀಗಂದ್ಕೊಂಡೇ ಎಲ್ಲಾ ಹಾಳಾಗಿರೋದು. ಇವಿಷ್ಟನ್ನೂ ಬಿಚ್ಚಿ ಇನ್ನೊಂದ್ಸಲ ಹೊಸೀರಿ."

ದೊಡ್ಡಗಂಗಮ್ಮ ಅರವತ್ತು ವರ್ಷದಿಂದ ಬತ್ತಿ ಹೊಸೆದವರು. ಯಾರೂ ಅದನ್ನು ಬಿಚ್ಚು ಅಂದಿರಲಿಲ್ಲ. ಕಣ್ಣು ತುಂಬಿಕೊಂಡು ಹತ್ತಿಯನ್ನೆಲ್ಲ ಸೆರಗಿಗೆ ತುಂಬಿ ಎದ್ದರು. "ನಂಗಿದ್ದದ್ದು ಇದೊಂದು ನೆಮ್ದಿ. ಇದ್ಕೂ ಪರೀಕ್ಸೆ ಮಡಗ್ಬುಟ್ಟೆ. ಬುಡವ್ವ, ಇದು ನಿಂಗೆ ಬ್ಯಾಡ, ನೀನು ಇದ್ಕೆ ಬ್ಯಾಡ." ಆವತ್ತಿನಿಂದ ಹತ್ತಿಯ ಗಂಟು ಅವರ ದಿಂಬಿನ ಕೆಳಗೆ ಸೇರಿತು.

ಎರಡು ವಾರ ಹೋಯಿತು. ನರ್ಸ್ ಅಳೆದಾಗ ನೂರ ಎಪ್ಪತ್ತು, ಮತ್ತೆ ನೂರ ಎಪ್ಪತ್ತೊಂದು. ಮೇಡಂ ಬಾಯಲ್ಲಿ ಒಪ್ಪಿಕೊಳ್ಳದಿದ್ದರೂ ಹೆದರಿದ್ದರು. ಅವರ ತಂದೆ ಐವತ್ತೈದಕ್ಕೇ ಲಕ್ವ ಹೊಡೆದು ಮಲಗಿದವರು. ಸಾಯಂಕಾಲ ಅಡುಗೆಮನೆಯ ಕಟ್ಟೆಗೆ ಒರಗಿ ಸುಮ್ಮನೆ ಕತ್ತು ನೀವಿಕೊಳ್ಳುತ್ತಿದ್ದ ಹೆಂಡತಿಯನ್ನು ನೋಡಿ ನಾಗಭೂಷಣ್‌ಗೆ ಪಾಪ ಅನ್ನಿಸಿತು. (ಗಂಡಂದಿರು ಪಾಪ ಅಂದುಕೊಂಡಾಗಲೇ ಪೇಚಿಗೆ ಸಿಕ್ಕಿಕೊಳ್ಳುವುದು.)

"ಹೇಮಾ, ನನಗೊಂದು ಜಾಗ ಗೊತ್ತು. ಅಲ್ಲಿ ಹೋಗಿ ಒಂದು ಗಂಟೆ ಕೂತ್ರೆ ತಲೆಯೆಲ್ಲ ತೊಳೆದಿಟ್ಟ ಹಾಗಾಗುತ್ತೆ. ಕುಣಿಗಲ್ ದೊಡ್ಡಕೆರೆ ಏರಿ."

"ಕುಣಿಗಲ್ಲಿಗೆ ನೀವು ಹೋಗೋದು ತಿಂಗಳಿಗೆರಡು ಭಾನುವಾರ, ಫ್ಯಾಕ್ಟರಿ ಸೊಸೈಟಿ ಮೀಟಿಂಗಿಗೆ ತಾನೇ?"

ನಾಗಭೂಷಣ್ ನಾಲಿಗೆ ಕಚ್ಚಿಕೊಂಡರು. ಆದರೆ ಮಾತು ಆಗಲೇ ಹಲ್ಲು ದಾಟಿತ್ತು.

"ರೀ, ಆ ಸೊಸೈಟಿಗೆ ಎಷ್ಟು ಜನ ಮೆಂಬರ್ಸು?"

"ನಾನು... ಆಮೇಲೆ ತಿಪ್ಪಯ್ಯ ಅಂತ ಒಬ್ಬರು. ಕುರಿ ಕಾಯ್ತಾರೆ."

ಮೇಡಂ ಆಗಲೇ ಹರಿಹಾಯಬೇಕಿತ್ತು. ಆದರೆ ಮಾತ್ರೆಯ ಗಡುವಿಗೆ ಇನ್ನು ಎರಡೇ ವಾರ ಉಳಿದಿತ್ತು. "ಆಯ್ತು, ಆ ನಿಮ್ಮ ಮೀಟಿಂಗನ್ನ ನಾನೂ ನೋಡ್ತೀನಿ" ಅಂದರು.

ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಹೊರಟರು. ತುಮಕೂರಿನಿಂದ ಹೆಬ್ಬೂರಿನವರೆಗೆ ಮೇಡಂ ರಸ್ತೆಯ ಗುಂಡಿಗಳ ಬಗ್ಗೆ, ಹೆಬ್ಬೂರಿನಿಂದ ಕುಣಿಗಲ್ಲಿನವರೆಗೆ ಆ ಗುಂಡಿಗಳನ್ನು ಗಂಡ ತಪ್ಪಿಸುವ ರೀತಿಯ ಬಗ್ಗೆ ಮಾತಾಡಿದರು. ಕೆರೆ ತುಂಬಿತ್ತು. ಏರಿಯ ಮೇಲೆ ತಣ್ಣನೆ ಗಾಳಿ. ನಾಗಭೂಷಣ್ ತಮ್ಮ ಮಾಮೂಲಿ ಕಲ್ಲನ್ನು ಕರ್ಚೀಫಿನಿಂದ ಒರೆಸಿ ಹೆಂಡತಿಯನ್ನು ಕೂರಿಸಿದರು, ಕಡಲೆಪುರಿಯ ಪೊಟ್ಟಣ ಬಿಚ್ಚಿ ಮಧ್ಯೆ ಇಟ್ಟರು.

"ಈಗ?" ಅಂದರು ಮೇಡಂ.

"ಈಗ ಏನೂ ಇಲ್ಲ. ನೀರು ನೋಡೋದು."

ಮೇಡಂ ನೀರು ನೋಡಿದರು. "ನೋಡಿದೆ. ಆಮೇಲೆ?"

"ಆಮೇಲೂ ನೋಡೋದು."

"ಎಷ್ಟೊತ್ತು?"

"ಹಾಗೆಲ್ಲ ಲೆಕ್ಕ ಇಲ್ಲ ಹೇಮಾ. ಸುಮ್ನೆ."

"ಪೆಟ್ರೋಲ್ ಸುಟ್ಕೊಂಡು ಮೂವತ್ತೈದು ಕಿಲೋಮೀಟರ್ ಬಂದು ನೀರು ನೋಡ್ಬೇಕಾ? ಮನೇಲಿ ಸಂಪ್ ಮುಚ್ಚಳ ತೆಗೆದಿದ್ರೆ ಆಗ್ತಿರ್ಲಿಲ್ವಾ? ನೀರು ನೀರೇ ತಾನೇ!"

ನಾಗಭೂಷಣ್ ಒಂದು ಹಿಡಿ ಕಡಲೆಪುರಿ ಬಾಯಿಗೆ ಹಾಕಿಕೊಂಡರು. ಆಗಲೇ ಏರಿಯ ಆ ಕಡೆಯಿಂದ ಹತ್ತಿಪ್ಪತ್ತು ಕುರಿ ಹೊಡೆದುಕೊಂಡು, ತಲೆಗೆ ಟವೆಲ್ ಸುತ್ತಿದ ಮುದುಕನೊಬ್ಬ ಬಂದ. ಸೊಸೈಟಿಯ ಎರಡನೇ ಸದಸ್ಯ. ತಿಪ್ಪಯ್ಯನ ಮುಖ ಅರಳಿತು.

"ಏನ್ ಸಾರ್, ಈ ಸಲ ಅಮ್ಮಾವ್ರ್ನೂ ಕರ್ಕಂಡ್ ಬಂದಿದೀರಿ! ಒಳ್ಳೆ ಕೆಲ್ಸ ಮಾಡುದ್ರಿ. ಪಾಪ, ನೀವಾದ್ರೂ ಇಲ್ಲಿಗೆ ಓಡ್ಬತ್ತೀರಿ, ಅಮ್ಮಾವ್ರು ಆ ಗಿರಣಿ ಸದ್ದಲ್ಲೇ ಸಾಯ್ಬೇಕಾ?"

"ಯಾವ ಗಿರಣಿ?" ಅಂದರು ಮೇಡಂ.

"ತಿಪ್ಪಯ್ಯ, ಕುರಿ ನೀರಿಗಿಳೀತು ನೋಡಿ" ಅಂದರು ನಾಗಭೂಷಣ್.

"ಇಳೀಲಿ ಬುಡಿ ಸಾರ್, ನೀರ್ ಕುಡಿಯಕ್ಕೆ. ಅದೇ ತಾಯಿ, ನಿಮ್ ಮನೆತಾವ ಇರೋ ಹಿಟ್ಟಿನ ಗಿರಣಿ. ಬೆಳ್ಗೆ ಐದಕ್ಕೆ ಸುರುವಾದ್ರೆ ರಾತ್ರಿಗಂಟ ನಿಲ್ಲಕ್ಕಿಲ್ವಂತೆ. ಭಾನ್ವಾರನೂ ರಜ ಇಲ್ವಂತೆ. ಸಾರು ಮೂರು ವರ್ಸದಿಂದ ಹೇಳ್ಕಂಡು ಅಳ್ತಾವ್ರೆ. ಮುನ್ಸಿಪಾಲ್ಟಿಗೆ ಒಂದು ಅರ್ಜಿ ಹಾಕ್ಬುಡಿ ಅಂತ ನಾನೂ ಹೇಳ್ದೆ."

"ನಮ್ಮ ಬೀದೀಲಿ ಯಾವ ಗಿರಣಿನೂ ಇಲ್ಲ."

"ಇಲ್ದೆ ಏನ್ ತಾಯಿ! ಕರೆಂಟ್ ಹೋದ್ರೂ ಓಡ್ತದಂತೆ ಅದು!"

ಮೇಡಂ ವಿಜ್ಞಾನದ ಶಿಕ್ಷಕಿ. ಇಂಧನವಿಲ್ಲದೆ, ವಿದ್ಯುತ್ತಿಲ್ಲದೆ ಬೆಳಗಿನಿಂದ ರಾತ್ರಿಯವರೆಗೆ ಓಡುವ ಯಂತ್ರ ಈ ಭೂಮಿಯ ಮೇಲೆ ಇರಲು ಸಾಧ್ಯವಿಲ್ಲ ಎಂದು ಇಪ್ಪತ್ತಾರು ವರ್ಷದಿಂದ ಬೋರ್ಡಿನ ಮೇಲೆ ಬರೆದು ತೋರಿಸಿದವರು. ಹಾಗಾದರೆ ಇದು ಯಂತ್ರವಲ್ಲ. ಯಂತ್ರವಲ್ಲದಿದ್ದರೆ... ಅವರು ನಿಧಾನವಾಗಿ ಗಂಡನ ಕಡೆ ತಿರುಗಿದರು. ಗಂಡ ನೀರು ನೋಡುತ್ತಿದ್ದರು. ಅಷ್ಟು ಏಕಾಗ್ರತೆಯಿಂದ ಅವರು ಯಾವತ್ತೂ ನೋಡಿರಲಿಲ್ಲ.

ಮುಂದಿನ ನಲವತ್ತು ನಿಮಿಷ ಕುಣಿಗಲ್ ಕೆರೆಯ ಏರಿಯ ಮೇಲೆ ನಡೆದದ್ದನ್ನು ವಿವರವಾಗಿ ಬರೆಯುವ ಧೈರ್ಯ ಸಾಲದು. ಗಿರಣಿಯಿಂದ ಶುರುವಾದದ್ದು ಸೊಸೈಟಿ ಮೀಟಿಂಗಿಗೆ ಬಂತು, ಅಲ್ಲಿಂದ ಬಚ್ಚಲುಮನೆ ಬಲ್ಬಿಗೆ, ಅಲ್ಲಿಂದ ಹಿಂದಕ್ಕೆ ಸರಿದು ಗೃಹಪ್ರವೇಶದ ದಿನ ನಾಗಭೂಷಣರ ಚಿಕ್ಕಪ್ಪ ಪಾಯಸ ನೀರಾಗಿದೆ ಅಂದ ಮಾತಿಗೆ, ಇನ್ನೂ ಹಿಂದಕ್ಕೆ ಮದುವೆಯಲ್ಲಿ ಗಂಡಿನ ಕಡೆಯವರು ಬೇಕೂಂತಲೇ ತಡವಾಗಿ ಬಂದ ವ್ಯಾನಿಗೆ ಹೋಯಿತು. ನಡುನಡುವೆ ನಗೆಕೂಟ, ಮೊಬೈಲ್ ಮಳೆ, ಸಿದ್ಧಾರ್ಥನ ಮಿಷಿನ್ನು ಎಲ್ಲಕ್ಕೂ ಯಥಾಯೋಗ್ಯ ಪೂಜೆ ಸಂದಿತು. ಕುರಿಗಳು ಮೇಯುವುದನ್ನು ಬಿಟ್ಟು ನಿಂತವು. ಗಿರಣಿ ಎಲ್ಲಿದೆ ಅಂತ ತಿಪ್ಪಯ್ಯನಿಗೆ ತಾನಾಗಿಯೇ ಗೊತ್ತಾಯಿತು. "ಸಾರ್, ನಾ ಬತ್ತೀನಿ. ಅರ್ಜಿ ಹಾಕುದ್ರೂ ಏನೂ ಆಗಕ್ಕಿಲ್ಲ" ಅಂತ ಪಿಸುಗುಟ್ಟಿ, ಕುರಿಗಳನ್ನು ಹೊಡೆದುಕೊಂಡು ಏರಿ ಇಳಿದುಬಿಟ್ಟ.

ಎಲ್ಲ ಮುಗಿದು ಮೇಡಂ ಉಸಿರು ಎಳೆದುಕೊಂಡರು. ಆಗ ಒಂದು ವಿಚಿತ್ರ ನಡೆಯಿತು. ಎಷ್ಟೋ ದಿನದಿಂದ ಕತ್ತಿನ ಹಿಂದೆ ಕೂತಿದ್ದ ಭಾರ ಇರಲಿಲ್ಲ. ಕಣ್ಣೆದುರಿಗೆ ನೀರು ಹೊಳೆಯುತ್ತಿತ್ತು, ಮೊದಲ ಸಲ ಅದು ಚೆನ್ನಾಗಿದೆ ಅನ್ನಿಸಿತು. ಹಿಂದಿರುಗುವಾಗ ಹೆಬ್ಬೂರಿನಲ್ಲಿ ಟೀ ಕುಡಿದರು, ಬೋಂಡ ಇನ್ನೆರಡು ಹೇಳಿದರು, ಮಿಕ್ಕ ದಾರಿಯುದ್ದಕ್ಕೂ ಗಂಡನ ಬೆನ್ನಿಗೆ ಒರಗಿ ತೂಕಡಿಸಿದರು. ಸೋಮವಾರ ನರ್ಸ್ ಅಳೆದಾಗ ನೂರ ನಲವತ್ತು.

ಪ್ರಯೋಗ, ವೀಕ್ಷಣೆ, ತೀರ್ಮಾನ. ಮೇಡಂಗೆ ಎಲ್ಲ ಸ್ಪಷ್ಟವಾಯಿತು. ಇಷ್ಟು ದಿನ ತಾವು ಬೈದದ್ದೆಲ್ಲ ಚಿಲ್ಲರೆ ವ್ಯಾಪಾರ. ಅಡುಗೆಮನೆಯಿಂದ ಎರಡು ಮಾತು, ಬಾಗಿಲ ಹತ್ತಿರ ಮೂರು ಮಾತು. ಅದರಿಂದ ಅರ್ಧ ಒಳಗೇ ಉಳಿದು ಗಂಟುಕಟ್ಟುತ್ತಿತ್ತು. ಒಂದೇ ಕಡೆ ಕೂತು, ಒಂದೇ ಸಲಕ್ಕೆ, ಸಗಟಾಗಿ ಬೈದರೆ ಮನಸ್ಸು ಹಗುರ! ಆವತ್ತಿನಿಂದ ಸಾಯಂಕಾಲ ಆರರಿಂದ ಆರೂವರೆಯವರೆಗೆ ಬಾಲ್ಕನಿಯಲ್ಲಿ ಕಾರ್ಯಕ್ರಮ ನಿಗದಿಯಾಯಿತು. ಎರಡು ಕುರ್ಚಿ. ಒಂದರಲ್ಲಿ ಮೇಡಂ, ಎದುರಿಗೆ ನಾಗಭೂಷಣ್. ಸೊಸೈಟಿಯ ಸುಳ್ಳು ಹೇಳಿ ಸಿಕ್ಕಿಬಿದ್ದ ಮನುಷ್ಯ ಬೇಡ ಅನ್ನುವ ಹಾಗೂ ಇರಲಿಲ್ಲ. "ಅಪ್ಪ, ನೀನು ಬೇಕಾದ್ರೆ ನನ್ನ ಹೆಡ್‌ಫೋನ್ ತಗೋ" ಅಂತ ಅಮೂಲ್ಯಾ ಪಿಸುಗುಟ್ಟಿದಳು. "ಬೇಡಮ್ಮ, ಮಧ್ಯೆ ಮಧ್ಯೆ ಪ್ರಶ್ನೆ ಕೇಳ್ತಾಳೆ" ಅಂದರು ಅವರು.

ಶಾಲೆಯಲ್ಲಂತೂ ಮೇಡಂ ಈಗ ಬೇರೆಯೇ ಧಾಟಿಯಲ್ಲಿದ್ದರು. "ನಿಮಗ್ಯಾರಿಗೂ ರಿಲ್ಯಾಕ್ಸ್ ಆಗೋಕೇ ಬರಲ್ಲ ಕಣ್ರೀ. ದೇವರಾಯನದುರ್ಗಕ್ಕೆ ಹೋಗಿ ಬೆಟ್ಟ ಹತ್ತಿ ಏದುಸಿರು ಬಿಡ್ತೀರಾ, ಬಣ್ಣ ತುಂಬೋ ಪುಸ್ತಕ ತಂದು ಎಲ್‌ಕೆಜಿ ಮಕ್ಕಳ ಹಾಗೆ ಗೀಚ್ತೀರಾ. ಇದೊಂದು ಶಾಸ್ತ್ರ. ಪದ್ಧತಿ ಬೇಕು, ಸಮಯ ಬೇಕು" ಅಂತ ಸ್ಟಾಫ್ ರೂಮಿನಲ್ಲಿ ಉಪನ್ಯಾಸವೇ ಕೊಟ್ಟರು. ಪದ್ಧತಿ ಏನು ಅಂತ ಕೇಳಿದವರಿಗೆ ಮಾತ್ರ ನಿಗೂಢವಾಗಿ ನಕ್ಕರು. ಹೆಡ್‌ಮಾಸ್ಟರು ಮುಂದಿನ ತಿಂಗಳು ಇದರ ಬಗ್ಗೆ ಎಲ್ಲ ಶಿಕ್ಷಕರಿಗೂ ಒಂದು ಭಾಷಣ ಮಾಡಿ ಅಂತ ಕೇಳಿಕೊಂಡರು. ಮೇಡಂ ಒಪ್ಪಿಕೊಂಡರು.

ತಿಂಗಳು ತುಂಬಿದ ದಿನ ಗಂಡನನ್ನೂ ಕರೆದುಕೊಂಡು ಸಿದ್ಧಾರ್ಥನ ಕ್ಲಿನಿಕ್ಕಿಗೆ ಹೋದರು. ಸಾಕ್ಷಿಗೆ ಒಬ್ಬರಿರಲಿ ಅಂತ.

ಸಿದ್ಧಾರ್ಥ್ ಎರಡು ಸಲ ಅಳೆದ. "ನೂರ ಇಪ್ಪತ್ತಾರು, ಎಂಬತ್ತೆರಡು! ಮೇಡಂ, ನಂಬೋಕೇ ಆಗ್ತಿಲ್ಲ."

"ನಂಬು. ಮಾತ್ರೆ ಬರೀತೀನಿ ಅಂದಿದ್ದೆ ಅಲ್ವೇನೋ ನೀನು?"

"ತಪ್ಪಾಯ್ತು ಮೇಡಂ. ಅದು ಹೇಗೆ ಇಳಿಸಿದ್ರಿ, ಹೇಳಿ. ನನ್ನ ಬೇರೆ ಪೇಷೆಂಟ್‌ಗಳಿಗೂ ಹೇಳ್ತೀನಿ."

ಮೇಡಂ ಸೆರಗು ಸರಿಮಾಡಿಕೊಂಡರು. "ಒಳಗೆ ಏನೂ ಇಟ್ಕೋಬಾರದು ಕಣೋ. ದಿನಾ ಸಾಯಂಕಾಲ ಅರ್ಧ ಗಂಟೆ, ಇರೋದೆಲ್ಲ ಹೊರಗೆ ಹಾಕ್ಬಿಡ್ತೀನಿ."

"ಹೊರಗೆ ಅಂದ್ರೆ, ಎಲ್ಲಿಗೆ ಮೇಡಂ?"

ಮೇಡಂ ಗದ್ದ ಎತ್ತಿ ಪಕ್ಕದ ಕುರ್ಚಿಯನ್ನು ತೋರಿಸಿದರು. ಅಲ್ಲಿ ನಾಗಭೂಷಣ್ ಕೂತಿದ್ದರು, ಮುಖ ಬಾಡಿದ ಬದನೆಕಾಯಿಯ ಹಾಗಿತ್ತು. ಸಿದ್ಧಾರ್ಥ್ ಅವರನ್ನೇ ಒಂದು ಗಳಿಗೆ ನೋಡಿ, "ಸಾರ್, ನಿಮ್ಮ ಕೈಯನ್ನೂ ಸ್ವಲ್ಪ ಕೊಡಿ" ಅಂದ. ಪಟ್ಟಿ ಕಟ್ಟಿದ. ಗಾಳಿ ತುಂಬಿದ. ಇನ್ನೊಂದು ಸಲ ತುಂಬಿದ. ಈ ಸಲ ಅವನ ಕೈ ನಡುಗಲಿಲ್ಲ.

"ನೂರ ಎಪ್ಪತ್ನಾಲ್ಕು, ನೂರ ಆರು."

"ಇವರಿಗಾ?" ಅಂದರು ಮೇಡಂ. "ಇವರಿಗೆ ಯಾವತ್ತೂ ಇರ್ಲಿಲ್ಲ! ಫ್ಯಾಕ್ಟರೀಲಿ ವರ್ಷಾವರ್ಷ ನೋಡ್ತಾರೆ!"

"ಮೇಡಂ, ನಿಮ್ಮ ಬಿಪಿ ಇಳಿದಿಲ್ಲ. ಮನೆ ಬದಲಾಯಿಸಿದೆ ಅಷ್ಟೇ."

ಮೇಡಂ ಏನೋ ಹೇಳಲು ಬಾಯಿ ತೆರೆದರು. ಗಂಡನ ಮುಖ ನೋಡಿದರು. ಆ ಮುಖದ ಬಣ್ಣ ಎರಡು ವಾರದಿಂದ ಹೀಗೇ ಇತ್ತೇ? ತಾವು ಎದುರಿಗೇ ಕೂತಿದ್ದರೂ ನೋಡಿರಲಿಲ್ಲವಲ್ಲ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಸಿದ್ಧಾರ್ಥ್ ಜೇಬಿನಿಂದ ಪೆನ್ನು ತೆಗೆದ. ಯಾರೂ 'ಬರೆದು ನೋಡು' ಅನ್ನಲಿಲ್ಲ. ನಾಗಭೂಷಣ್‌ಗೆ ದಿನಕ್ಕೊಂದು ಮಾತ್ರೆ, ಮನೆಯಲ್ಲಿ ಸಂಪೂರ್ಣ ಶಾಂತಿ, ಅದರಲ್ಲೂ ಸಾಯಂಕಾಲ ಆರರಿಂದ ಏಳರವರೆಗೆ ಅವರ ಮುಂದೆ ಯಾರೂ ಒಂದು ಮಾತೂ ಆಡುವ ಹಾಗಿಲ್ಲ. ಆಮೇಲೆ ಇನ್ನೊಂದು ಚೀಟಿ ಎಳೆದುಕೊಂಡ.

"ಇದು ಯಾರಿಗೋ?"

"ನಿಮಗೆ ಮೇಡಂ. ನಾಳೆಯಿಂದ ಹೊರಗೆ ಹಾಕೋ ಹಾಗಿಲ್ವಲ್ಲ. ಏರೇ ಏರುತ್ತೆ. ಮೊದಲೇ ಶುರು ಮಾಡಿಬಿಡೋಣ." ಆಮೇಲೆ ಹದಿನೆಂಟು ವರ್ಷ ಕಾದಿದ್ದ ಮಾತನ್ನು ಹೇಳಿದ: "ಆ ಒಂದು ಗಂಟೆ ಬಾಯಿ ಮೇಲೆ ಬೆರಳಿಟ್ಕೊಂಡು ಕೂತ್ಕೋಬೇಕು ಮೇಡಂ."

ಮೆಡಿಕಲ್ ಶಾಪಿನವನು ಎರಡೂ ಚೀಟಿ ನೋಡಿ, ಒಂದೇ ಕಂಪನಿ ಮಾತ್ರೆ, ಜೋಡಿಗೆ ತಗೊಂಡರೆ ಡಿಸ್ಕೌಂಟ್ ಇದೆ ಅಂದ.

ಮೂರನೇ ದಿನ ಸಾಯಂಕಾಲ. ಬಾಲ್ಕನಿಯಲ್ಲಿ ನಾಗಭೂಷಣ್ ಕಣ್ಣು ಮುಚ್ಚಿ ಕೂತಿದ್ದರು. ಒಳಗೆ ದೊಡ್ಡಗಂಗಮ್ಮ ಹಾಲಿನ ನಟ್ಟನಡುವೆ ಹತ್ತಿ ಹರವಿಕೊಂಡು, ಒಂದು ಉದ್ದ ಒಂದು ಗಿಡ್ಡ, ಮನಸಾರೆ ಬತ್ತಿ ಹೊಸೆಯುತ್ತಿದ್ದರು. ಅಮೂಲ್ಯಾ ಹೆಡ್‌ಫೋನ್ ಇಲ್ಲದೆಯೇ ಸೋಫಾದ ಮೇಲೆ ಮಲಗಿ ಓದುತ್ತಿದ್ದಳು. ಹೇಮಶ್ರೀ ಮೇಡಂ ಗಂಡನ ಎದುರಿನ ಕುರ್ಚಿಯಲ್ಲಿ ತುಟಿ ಬಿಗಿದು ಕೂತಿದ್ದರು. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಅಣ್ಣಯ್ಯಪ್ಪನವರು ಇಣುಕಿದರು. ರಿಟೈರಾದ ಮನುಷ್ಯ, ನೆರೆಹೊರೆಯ ಕಷ್ಟಸುಖ ವಿಚಾರಿಸುವುದೇ ಉದ್ಯೋಗ.

"ನಾಗಭೂಷಣ್ ಅವರೇ, ಮನೇಲಿ ಎಲ್ಲಾ ಸೌಖ್ಯನಾ? ಮೂರು ದಿನದಿಂದ ಸದ್ದೇ ಇಲ್ಲ. ಮೇಡಮ್ಮಿಗೆ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ ಅಂತ ನಮ್ಮನೆಯವಳು ದೇವರಿಗೆ ದೀಪ ಬೇರೆ ಹಚ್ಚಿದಾಳೆ."

"ಏನೂ ಆಗಿಲ್ಲ ಸಾರ್, ಇಲ್ಲೇ ಇದಾರೆ ನೋಡಿ" ಅಂದರು ನಾಗಭೂಷಣ್, ಕಣ್ಣು ತೆರೆಯದೆ. "ರಿಲ್ಯಾಕ್ಸ್ ಮಾಡ್ತಿದಾರೆ."

ಅಣ್ಣಯ್ಯಪ್ಪನವರು ಕಾಲ್ಬೆರಳ ಮೇಲೆ ನಿಂತು ನೋಡಿದರು. "ಓಹೋ! ಬಹಳ ಸಂತೋಷ ಮೇಡಂ. ಹೀಗೇ ದಿನಾ ಮಾಡಿ. ಎಷ್ಟೋ ವರ್ಷದ ಮೇಲೆ ನಮ್ಮನೆ ಟಿವಿ ನಮಗೇ ಕೇಳಿಸ್ತಿದೆ!"

ಮೇಡಂ ಮುಖ ಕೆಂಪಾಯಿತು. ಉತ್ತರ ಹೊಟ್ಟೆಯಿಂದ ಎದ್ದು, ಎದೆ ದಾಟಿ, ಗಂಟಲಿಗೆ ಬಂದು, ಒಂದರ ಹಿಂದೊಂದು ಸಾಲುಗಟ್ಟಿ ನಿಂತಿತು. ಬಾಗಿಲಿನ ಮೇಲಿದ್ದ ಗಡಿಯಾರದ ಕಡೆ ಅವರು ಕಣ್ಣೆತ್ತಿ ನೋಡಿದರು.

ಆರೂ ಇಪ್ಪತ್ತು.